ಪಾಳೇಗಾರನ ಒನ್ಸ್ ಮೋರ್

ತುಮಕೂರು ಸೀಮೆಯಲ್ಲಿ ಬಣ್ಣ ಹಚ್ಚುವ ಹುಚ್ಚು ಹತ್ತಿದವನಿಗೆ ಬೇರೆ ಮದ್ದಿಲ್ಲ. ಹಗಲೆಲ್ಲ ತೆಂಗಿನಕಾಯಿ ವ್ಯಾಪಾರ ಮಾಡಿ, ಇಲ್ಲವೇ ಯಾವುದೋ ಕಚೇರಿಯಲ್ಲಿ ಫೈಲು ದೂಡಿ, ಸಂಜೆಯಾದರೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಗಂಟಲು ಹರಿದುಕೊಳ್ಳುವವರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅವರಿಗೆ ಶಾಲು ಬೇಡ, ಹಾರ ಬೇಡ, ಪೇಪರಿನಲ್ಲಿ ಫೋಟೋ ಬಂದರೂ ಸರಿ, ಬಾರದಿದ್ದರೂ ಸರಿ. ಹಾಡು ಮುಗಿಯುವ ಹೊತ್ತಿಗೆ ಕತ್ತಲಲ್ಲಿ ಕೂತ ಜನರ ಮಧ್ಯದಿಂದ ‘ಒನ್ಸ್ ಮೋರ್’ ಎಂಬ ಕೂಗು ಏಳಬೇಕು, ಅಷ್ಟೇ. ಕೂಗು ಬಿತ್ತೆಂದರೆ ನಟ ಕೈಮುಗಿಯುತ್ತಾನೆ, ಮೇಷ್ಟ್ರು ಅದೇ ಹಾಡನ್ನು ಮೊದಲಿನಿಂದ ಎತ್ತಿಕೊಳ್ಳುತ್ತಾರೆ. ಸತ್ತು ಬಿದ್ದ ಪಾತ್ರವಾದರೂ ಎದ್ದು ನಿಂತು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ಹೊರಗಿನವರಿಗೆ ನಗು ಬರಬಹುದು. ನಮ್ಮ ಕಡೆ ಇದು ನಗುವ ವಿಷಯವಲ್ಲ.

ಮರಳೂರಿನ ಗುರುಪ್ರಕಾಶನಿಗೆ ಆ ಕೂಗು ಒಮ್ಮೆಯೂ ಬಿದ್ದಿರಲಿಲ್ಲ. ಕಾಲೇಜು ಬಿಟ್ಟ ವರ್ಷದಿಂದ ಬಣ್ಣ ಹಚ್ಚುತ್ತಿದ್ದ. ಮಂತ್ರಿಯಾದ, ದೂತನಾದ, ಎರಡನೇ ಅಂಕದಲ್ಲೇ ಸಾಯುವ ತಮ್ಮನಾದ. ಒಳ್ಳೆಯ ಕಂಠ, ಎತ್ತರದ ಆಳು. ಆದರೆ ಜನ ಅವನ ಹಾಡು ಮುಗಿಯುವಾಗಲೇ ಕಡಲೆಕಾಯಿ ತರಲು ಎದ್ದು ಹೋಗುತ್ತಿದ್ದರು. ಮನೆಗೆ ಬಂದು ಮುಖದ ಬಣ್ಣ ಒರೆಸಿಕೊಳ್ಳುತ್ತಾ, ಇವತ್ತು ಮೈಕು ಸರಿಯಿರಲಿಲ್ಲ ಎಂದು ಹೆಂಡತಿ ರೂಪಶ್ರೀಗೆ ಹೇಳುತ್ತಿದ್ದ. ಅವಳು ಹೌದೆನ್ನುತ್ತಿದ್ದಳು. ಪ್ರತಿಸಲ ಮೈಕು ಹೇಗೆ ಕೆಡುತ್ತದೆ ಎಂದು ಆ ಪುಣ್ಯಾತ್ಗಿತ್ತಿ ಒಮ್ಮೆಯೂ ಕೇಳಲಿಲ್ಲ.

ಇದನ್ನೆಲ್ಲ ನೋಡಿ ಒಳಗೊಳಗೇ ನೊಂದುಕೊಳ್ಳುತ್ತಿದ್ದವನು ತಮ್ಮ ಸೋಮಶೇಖರ್. ಅಪ್ಪ ತೀರಿಕೊಂಡಾಗ ಅಣ್ಣ ಓದು ಬಿಟ್ಟು ಕಾಯಿ ಮಂಡಿಯಲ್ಲಿ ಕೂತದ್ದು ತಮ್ಮ ಡಿಪ್ಲೊಮಾ ಮಾಡಲೆಂದು. ತಮ್ಮ ಮಾಡಿದ. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ವಿಭಾಗದಲ್ಲಿ ಕೆಲಸ ಸಿಕ್ಕಿತು, ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿದ, ಭಾನುವಾರಗಳಲ್ಲಿ ನಾಟಕ, ಆರ್ಕೆಸ್ಟ್ರಾಗಳಿಗೆ ಲೈಟು ಹಾಕುವ ಉಪಕಸುಬೂ ಬೆಳೆಯಿತು. ಅಣ್ಣನಿಗೆ ಏನು ಕೊಟ್ಟರೂ ತೀರದು ಎಂಬುದು ಅವನಿಗೆ ಗೊತ್ತಿತ್ತು. ಆದರೆ ಒಂದು ಒನ್ಸ್ ಮೋರ್ ಕೊಡಿಸಬಹುದು ಎಂದು ಅವನಿಗೆ ತೋಚಿತು. ಆ ಆಸೆ ಕೆಟ್ಟದ್ದೆಂದು ಯಾರು ತಾನೇ ಹೇಳಿಯಾರು?

ಅವಕಾಶ ಗುಬ್ಬಿಯಿಂದ ಬಂತು. ಅಲ್ಲಿನ ಹಾರ್ಮೋನಿಯಂ ಮೇಷ್ಟ್ರು ವೆಂಕಟರಂಗಯ್ಯನವರು ತಾವೇ ಒಂದು ನಾಟಕ ಬರೆದಿದ್ದರು. ಕೆರೆ ಕಟ್ಟಿಸಿದ ಪಾಳೇಗಾರ ಭೈರನಾಯಕ ಯುದ್ಧದಲ್ಲಿ ಸೋತು, ಶತ್ರುವಿನ ಕೈಗೆ ಸಿಗಲೊಲ್ಲದೆ, ತನ್ನ ಕೆರೆಗೇ ಇಳಿದು ಪ್ರಾಣ ಬಿಡುವ ಕತೆ. ಭೈರನಾಯಕನಾಗಬೇಕಿದ್ದವನಿಗೆ ಗಂಟಲು ಕಟ್ಟಿ ಪಾತ್ರ ಗುರುಪ್ರಕಾಶನ ಪಾಲಿಗೆ ಬಿತ್ತು. ಕೊನೆಯ ದೃಶ್ಯದಲ್ಲಿ ಮೂರು ಚರಣದ ಹಾಡು. ಮೂರನೇ ಚರಣದಲ್ಲಿ ಪಾಳೇಗಾರ ಕತ್ತಿ ಹಿರಿದು, ಜನರ ಕಡೆಗೇ ಮುಖವಿಟ್ಟು, ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಕೆರೆಯ ಕಡೆಗೆ ಸರಿಯುತ್ತಾನೆ. ಹಾಡು ಮುಗಿದೊಡನೆ ಕತ್ತಲು. ಮತ್ತೆ ಬೆಳಕಾದಾಗ ಅವನಿಲ್ಲ, ಬರೀ ನೀರು.

ನೀರು ತೋರಿಸಲು ನೀಲಿ ಲೈಟು ಸಾಕು. ಪಾಳೇಗಾರ ಮಾಯವಾಗಲು ಮಾತ್ರ ಹಲಗೆಯ ಅಟ್ಟಣೆಯಲ್ಲಿ ಒಂದು ಚೌಕ ಕೊಯ್ದು, ಅದಕ್ಕೆ ಜಾರುವ ಮುಚ್ಚಳ ಇಟ್ಟರು. ಕೆಳಗೆ ಸೀನರಿ ಕಟ್ಟುವ ಹೊನ್ನಯ್ಯ ಕೂತಿರುತ್ತಾನೆ. ಗುರುಪ್ರಕಾಶ ಹಿಂದೆ ಸರಿಯುತ್ತಾ ಮುಚ್ಚಳದ ಮೇಲೆ ನಡೆದು ಅದನ್ನು ದಾಟಿ ನಿಲ್ಲಬೇಕು. ಕತ್ತಲಾದ ಕೂಡಲೇ ಹೊನ್ನಯ್ಯ ಮುಚ್ಚಳ ಎಳೆಯಬೇಕು. ಗುರುಪ್ರಕಾಶ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಹೊನ್ನಯ್ಯನ ಭುಜ ಹಿಡಿದು ಕೆಳಗಿಳಿಯಬೇಕು. ಕೆಳಗೆಲ್ಲ ಅಟ್ಟಣೆ ಹೊತ್ತ ಕಬ್ಬಿಣದ ಅಡ್ಡಪಟ್ಟಿಗಳು, ಹುಷಾರಾಗಿ ಇಳಿಯಬೇಕು. ಹೊನ್ನಯ್ಯನಿಗೆ ಹಾಡು ಗೀಡು ಅರ್ಥವಾಗದು. ಅವನಿಗೆ ಕೊಟ್ಟ ಅಪ್ಪಣೆ ಒಂದೇ: ಹಲಗೆಯ ಸಂದಿಯಿಂದ ಬೆಳಕು ಹೋಯಿತೆಂದರೆ ಎಳಿ.

ಇನ್ನು ಬೆಳಕು. ಹಳೇ ಕಾಲದ ಲೈಟಿನವನು ಸ್ವಿಚ್ಚುಗಳ ಮುಂದೆ ಕೂತು ನಟನ ಬಾಯನ್ನೇ ನೋಡುತ್ತಿದ್ದ. ಅವನು ರಾಗ ಎಳೆದರೆ ಇವನೂ ಬೆಳಕು ಎಳೆದ, ಅವನು ಕೆಮ್ಮಿದರೆ ಇವನು ಕಾದ. ಸೋಮಶೇಖರನಿಗೆ ಇದು ಅಜ್ಜಿ ಕಾಲದ ವ್ಯವಹಾರ ಎನಿಸಿತ್ತು. ಬೆಂಗಳೂರಿನ ಕಾರ್ಯಕ್ರಮಗಳಲ್ಲಿ ತಾಳದ ಒಂದೊಂದು ಪೆಟ್ಟಿಗೂ ಲೈಟು ಹೊಡೆದುಕೊಳ್ಳುವುದನ್ನು ಅವನು ನೋಡಿದ್ದ. ಅದರ ಗುಟ್ಟು ಮಿಡಿ ಕ್ಲಾಕ್. ಕೀಬೋರ್ಡಿನಲ್ಲಿ ಲಯ ಶುರುವಾದೊಡನೆ ಅದು ಒಂದು ತಂತಿಯಲ್ಲಿ ಸಣ್ಣ ಸಣ್ಣ ಮಿಡಿತಗಳನ್ನು ಕಳಿಸುತ್ತಾ ಹೋಗುತ್ತದೆ, ತಾಳದ ಒಂದೊಂದು ಪೆಟ್ಟಿಗೂ ಇಪ್ಪತ್ತನಾಲ್ಕು. ಲೈಟಿನ ಲ್ಯಾಪ್‌ಟಾಪು ಆ ಮಿಡಿತ ಎಣಿಸುತ್ತಾ ಕೆಂಪು, ಹಸಿರು, ಬಿಳಿ, ಕತ್ತಲು, ನೀಲಿ ಎಂದು ಬರೆದಿಟ್ಟ ಸಾಲನ್ನು ನಡೆಸುತ್ತದೆ. ಲಯ ಓಡಿದರೆ ಬೆಳಕೂ ಓಡುತ್ತದೆ, ನಿಂತರೆ ನಿಲ್ಲುತ್ತದೆ. ಸ್ಟಾರ್ಟ್ ಗುಂಡಿ ಒತ್ತಿದರೆ ಮತ್ತೆ ಮೊದಲಿನಿಂದ. ಮನುಷ್ಯರ ಕೈ ಬೇಕಾಗಿಯೇ ಇಲ್ಲ.

ಗುಬ್ಬಿಯಲ್ಲಿ ಪ್ರಾಕ್ಟೀಸು ನಡೆಯಿತು. ಕೀಬೋರ್ಡು ನುಡಿಸಲು ಷಡಕ್ಷರಿ ಎಂಬ ಹುಡುಗಾಟದ ಆಸಾಮಿ ಬಂದಿದ್ದ. ಮೊದಮೊದಲು ಮೇಷ್ಟ್ರು ಮೂಗು ಮುರಿದರು. ಹಾಡುವವನು ಉಸಿರಿಗೆ ನಿಂತರೆ ಈ ಪೆಟ್ಟಿಗೆಯೂ ನಿಲ್ಲುತ್ತದೆಯೇ ಎಂದು ಕೇಳಿದರು. ನಿಲ್ಲುವುದಿಲ್ಲ, ಅದಕ್ಕೇ ಒಳ್ಳೆಯದು, ಹಾಡುವವರೇ ಲಯಕ್ಕೆ ಬರುತ್ತಾರೆ ಎಂದ ಸೋಮಶೇಖರ್. ಮಾತು ನಿಜವಾಯಿತು. ಎಲ್ಲೆಲ್ಲೋ ಹೋಗುತ್ತಿದ್ದ ಗುರುಪ್ರಕಾಶ ಕೆಲವೇ ವಾರಗಳಲ್ಲಿ ತಾಳಕ್ಕೆ ಕಟ್ಟುಬಿದ್ದು ಹಾಡತೊಡಗಿದ. ಮೇಷ್ಟ್ರೇ ಮನಸೋತು, ಈ ಪೆಟ್ಟಿಗೆ ಮೊದಲೇ ಬಂದಿದ್ದರೆ ತಮ್ಮ ಅರ್ಧ ತಲೆಕೂದಲು ಉಳಿಯುತ್ತಿತ್ತು ಎಂದರು.

ಒಂದು ಸಂಜೆ ಮಾತ್ರ ಬೇರೆಯೇ ಒಂದು ನಡೆಯಿತು. ಎಲ್ಲರೂ ಹೊರಗೆ ಟೀ ಕುಡಿಯುತ್ತಿದ್ದಾಗ ಷಡಕ್ಷರಿ ಬ್ಯಾಗು ತೆಗೆಯಲು ಹೋಗಿ ಸ್ಟಾರ್ಟ್ ಗುಂಡಿ ತಾಗಿಸಿಬಿಟ್ಟ. ಯಾರೂ ಇಲ್ಲದ ಅಟ್ಟಣೆಯ ಮೇಲೆ ಕೆಂಪು ಬಂತು, ಹಸಿರು ಬಂತು, ಬಿಳಿ ಬಡಿದುಕೊಂಡಿತು. ಆಮೇಲೆ ಕತ್ತಲಾಗಿ, ಪಾಳೇಗಾರ ಮುಳುಗಿದ ಕೆರೆಯ ನೀಲಿ ಅಲೆ ತಣ್ಣಗೆ ಆಡತೊಡಗಿತು. ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಸೋಮಶೇಖರನಿಗೆ ಯಾಕೋ ಹೆದರಿಕೆಯಾಯಿತು. ಪಕ್ಕದಲ್ಲಿ ಅಣ್ಣ ನಗುತ್ತಿದ್ದ.

"ನಾನಿಲ್ದೇನೇ ಮುಳುಗಿಸ್ಬುಟ್ಟಲ್ಲೋ ನನ್ನ" ಎಂದ ಗುರುಪ್ರಕಾಶ.

ಸೋಮಶೇಖರನೂ ನಕ್ಕ. ಕಾರ್ಖಾನೆಯಲ್ಲಿ ಪ್ರತಿ ಯಂತ್ರದ ಪಕ್ಕದಲ್ಲೂ ದಿಢೀರನೆ ನಿಲ್ಲಿಸಲು ಕೆಂಪು ಗುಂಡಿಯಿರುತ್ತದೆ, ಅದಿಲ್ಲದ ಯಂತ್ರವನ್ನು ಮುಟ್ಟಬಾರದು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ಅವನೇ. ನಾಟಕದ ಲೈಟಿಗೆ ಅದೆಲ್ಲ ಯಾಕೆ ಎಂದುಕೊಂಡ. ಬುದ್ಧಿವಂತರು ಎಡವುವುದು ಇಂಥ ಕಡೆಯೇ.

ಪ್ರದರ್ಶನ ಕುಣಿಗಲ್ಲಿನ ಒಂದು ಕಲ್ಯಾಣ ಮಂಟಪದಲ್ಲಿ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದಿದ್ದರು. ಹಾಲಿನ ಒಂದು ತುದಿಗೆ ಎತ್ತರದ ಅಟ್ಟಣೆ, ಅದರ ಮುಂಗಾಲಿಗೆ ಒತ್ತಿಕೊಂಡು ದೊಡ್ಡ ಬೇಸ್ ಬಾಕ್ಸುಗಳು, ಅವುಗಳ ಮುಂದೆ ಮೇಷ್ಟ್ರು, ತಬಲಾದವನು, ಷಡಕ್ಷರಿ. ಸೋಮಶೇಖರನ ಲ್ಯಾಪ್‌ಟಾಪು ಹಾಲಿನ ಹಿಂದಿನ ಗೋಡೆಗೆ. ಬೇಸ್ ಬಾಕ್ಸು ಗುದ್ದಿದಾಗ ಅಟ್ಟಣೆಯ ಕಬ್ಬಿಣವೆಲ್ಲ ಅದುರುತ್ತಿತ್ತು. ಬೆಳಿಗ್ಗೆ ಗುರುಪ್ರಕಾಶ ಮುಚ್ಚಳದ ಮೇಲೆ ನಾಲ್ಕಾರು ಸಲ ಹಿಂದೆ ಹಿಂದೆ ನಡೆದು ನೋಡಿ, ಕೈಮುಗಿದು ಬಣ್ಣಕ್ಕೆ ಕೂತ.

ಮೂರನೇ ಅಂಕ ಶುರುವಾಗುವ ಹೊತ್ತಿಗೆ ಸೋಮಶೇಖರ್ ಹಾಲಿನಲ್ಲಿ ಓಡಾಡಿ ನೆಂಟರಿಷ್ಟರನ್ನೆಲ್ಲ ಸಿದ್ಧಮಾಡಿದ್ದ. ಹಾಡಿನ ಕೊನೇ ಸಾಲಿಗೆ ನಾನು ಕೂಗುತ್ತೇನೆ, ನೀವೆಲ್ಲ ಎತ್ತಿಕೊಳ್ಳಿ ಎಂದು ಹೇಳಿದ. ಇದರಲ್ಲಿ ಮೋಸವೇನಿಲ್ಲ, ಎಲ್ಲ ನಟರ ಕಡೆಯವರೂ ಮಾಡುವುದೇ. ಅಣ್ಣನಿಗೆ ಮಾತ್ರ ಹೇಳಲಿಲ್ಲ, ಅವನಿಗೆ ಅದು ತಾನಾಗಿ ಬಿದ್ದ ಕೂಗು ಎನಿಸಬೇಕು. ಲೈಟು ಹೇಗೂ ತಾನೇ ನಡೆಯುತ್ತದೆಂದು ಲ್ಯಾಪ್‌ಟಾಪು ಬಿಟ್ಟು, ಮುಂದಿನ ಸಾಲಿನಲ್ಲಿ ರೂಪಶ್ರೀಯ ಕುರ್ಚಿಯ ಪಕ್ಕ ಬಂದು, ಮೊಬೈಲು ಎತ್ತಿ ವಿಡಿಯೋ ಶುರುಮಾಡಿದ.

ಷಡಕ್ಷರಿ ಸ್ಟಾರ್ಟ್ ಒತ್ತಿದ. ಕೆಂಪು ಬೆಳಕಿನಲ್ಲಿ ಭೈರನಾಯಕ ಬಂದು ನಿಂತ. ಅಯ್ಯೋ, ಏನು ಹಾಡಿದ ಅವತ್ತು ಗುರುಪ್ರಕಾಶ. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟುಕೊಂಡಿದ್ದನೋ ಆ ಕಂಠವನ್ನು. ಕಡಲೆಕಾಯಿಗೆ ಒಬ್ಬರೂ ಏಳಲಿಲ್ಲ. ಪೆಟ್ಟು ಪೆಟ್ಟಿಗೂ ಬೆಳಕು ಬಡಿಯುತ್ತಿತ್ತು, ಕತ್ತಿ ಮಿಂಚುತ್ತಿತ್ತು. ಮೂರನೇ ಚರಣಕ್ಕೆ ಅವನು ಹಿಂದೆ ಹಿಂದೆ ಸರಿದ, ಮುಚ್ಚಳ ದಾಟಿದ, ನಿಂತ. ಸೋಮಶೇಖರನ ಕಣ್ಣು ಮಂಜಾಗಿ ಮೊಬೈಲಿನ ಪರದೆಯೇ ಕಾಣುತ್ತಿರಲಿಲ್ಲ. ಕೊನೆಯ ಸಾಲಿಗೆ ಅವನು ಗಂಟಲು ಬಿರಿಯುವಂತೆ ಒನ್ಸ್ ಮೋರ್ ಎಂದು ಕೂಗಿದ.

ನೆಂಟರು ಎತ್ತಿಕೊಂಡರು. ಆಮೇಲೆ ಯಾರೂ ಹೇಳಿಕೊಡದ ಜನ ಎತ್ತಿಕೊಂಡರು, ಇಡೀ ಹಾಲು ಎತ್ತಿಕೊಂಡಿತು. ಆ ಗದ್ದಲದ ಮಧ್ಯೆ ಲೆಕ್ಕಕ್ಕೆ ಸರಿಯಾಗಿ ಕತ್ತಲು ಬಿತ್ತು. ಮೇಷ್ಟ್ರು ಕೈಯೆತ್ತಿದರು, ಷಡಕ್ಷರಿ ಲಯ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಒತ್ತಿದ. ಕತ್ತಲು ಇದ್ದದ್ದು ಎರಡು ಉಸಿರಿನಷ್ಟು. ಮತ್ತೆ ಕೆಂಪು ಬಂದಾಗ ಗುರುಪ್ರಕಾಶ ಕೂಗು ಜೋರಾಗಿದ್ದ ಬಲಬದಿಯಿಂದ ಸುತ್ತಿ ಮುಂದಕ್ಕೆ ಬಂದು, ಕೈಮುಗಿದು ನಿಂತಿದ್ದ. ಕೆನ್ನೆಯ ಬಣ್ಣದ ಮೇಲೆ ಕಣ್ಣೀರು ಇಳಿಯುತ್ತಿತ್ತು. ರೂಪಶ್ರೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

ಒನ್ಸ್ ಮೋರ್ ಹಾಡು ಯಾವಾಗಲೂ ಸ್ವಲ್ಪ ಜೋರಾಗಿ ಓಡುತ್ತದೆ. ಷಡಕ್ಷರಿ ಲಯ ಏರಿಸಿದ, ಬೆಳಕೂ ಏರಿತು. ಮೊದಲನೇ ಚರಣದ ನಡುವೆ ಸೋಮಶೇಖರನಿಗೆ ಏನೋ ತಪ್ಪಾಗಿದೆ ಎನಿಸಿತು. ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಕತ್ತಲಾಗಿತ್ತು. ಎರಡು ಉಸಿರಿನಷ್ಟೇ ಆದರೂ ಕತ್ತಲಾಗಿತ್ತು. ಕೈಯಿಂದ ಲೈಟು ಹಾಕುವವನಾಗಿದ್ದರೆ ಕೂಗು ಎದ್ದ ಕೂಡಲೇ ಕತ್ತಲನ್ನು ತಡೆಹಿಡಿಯುತ್ತಿದ್ದ. ಪೆಟ್ಟಿಗೆಗೆ ಕಿವಿಯಿಲ್ಲ. ಕತ್ತಲಾದರೆ ಹೊನ್ನಯ್ಯ ಮುಚ್ಚಳ ಎಳೆಯುತ್ತಾನೆ.

ಹಾಲಿನಿಂದ ನೋಡಿದರೆ ಎತ್ತರದ ಅಟ್ಟಣೆಯ ನೆಲ ಕಾಣದು. ಮುಚ್ಚಳ ತೆರೆದಿದೆಯೋ ಮುಚ್ಚಿದೆಯೋ ಕಾಣದು. ಆದರೆ ತೆರೆದಿದೆ ಎಂದು ಸೋಮಶೇಖರನಿಗೆ ಗೊತ್ತಿತ್ತು, ಅಣ್ಣನಿಗೆ ಗೊತ್ತಿಲ್ಲ ಎಂಬುದೂ ಗೊತ್ತಿತ್ತು. ಕತ್ತಲಾಗುವಾಗ ಅವನ ಗಮನ ಪೂರ್ತಿ ಕೂಗಿನ ಮೇಲಿತ್ತು. ಮುಂದೆ ಬಂದವನು ಹಿಂದಕ್ಕೆ ತಿರುಗಿಯೇ ನೋಡಿಲ್ಲ. ಮೂರನೇ ಚರಣದಲ್ಲಿ ಬೆನ್ನು ಹಾಕಿ ಅದರ ಕಡೆಗೇ ನಡೆಯಲಿದ್ದಾನೆ.

ಸೋಮಶೇಖರ್ ಮೊಬೈಲು ಬಿಸಾಡಿ ಕೂಗಿದ. ಅಣ್ಣ, ಹಿಂದೆ ಹೋಗಬೇಡ, ತೆರೆದಿದೆ ಎಂದು ಕೂಗಿದ. ಮುನ್ನೂರು ಜನ ಕೂಗುತ್ತಿದ್ದ ಹಾಲಿನಲ್ಲಿ ಅದೂ ಒಂದು ಕೂಗಾಯಿತು. ಗುರುಪ್ರಕಾಶ ಅವನನ್ನು ನೋಡಿದ. ಕೈಬೀಸಿ ಅರಚುತ್ತಿದ್ದ ತಮ್ಮನನ್ನು ನೋಡಿ, ಹಾಡುತ್ತಲೇ ನಕ್ಕ. ತಮ್ಮನಿಗೂ ತನ್ನ ಹಾಡು ಹಿಡಿಸಿತೆಂದು ಖುಷಿಪಟ್ಟ ನಗು ಅದು. ಎರಡನೇ ಚರಣದ ಕೊನೆಯನ್ನು ಹಿಡಿದು, ಪ್ರಾಕ್ಟೀಸಿನಲ್ಲಿ ಎಂದೂ ಮಾಡದ ಹಾಗೆ ರಾಗ ಎಳೆಯತೊಡಗಿದ. ಮೇಷ್ಟ್ರು ಕಣ್ಣುಮುಚ್ಚಿ ಅವನ ಹಿಂದೆಯೇ ಹೋದರು. ಕೀಬೋರ್ಡಿನ ಲಯ ನಿಲ್ಲದೆ ಓಡುತ್ತಿತ್ತು, ಲ್ಯಾಪ್‌ಟಾಪು ತನ್ನ ಪಾಡಿಗೆ ಎಣಿಸುತ್ತಿತ್ತು. ಹಸಿರು ಹೋಗಿ ಬಿಳಿ ಬಂತು. ಹಾಡು ಇನ್ನೂ ಎರಡನೇ ಚರಣದಲ್ಲಿದ್ದಾಗಲೇ ಬೆಳಕು ಮೂರನೇ ಚರಣ ಮುಗಿಸುವ ಹಾದಿಯಲ್ಲಿತ್ತು.

ಲ್ಯಾಪ್‌ಟಾಪು ಹಾಲಿನ ಆ ತುದಿಗೆ, ನಡುವೆ ಎದ್ದು ನಿಂತ ಜನ. ಅಟ್ಟಣೆ ಎದುರಿಗೇ. ಸೋಮಶೇಖರ್ ತಬಲಾದವನನ್ನು ದಾಟಿ, ಬೇಸ್ ಬಾಕ್ಸಿನ ಮೇಲೆ ಕಾಲಿಟ್ಟು, ಅಟ್ಟಣೆಯ ಅಂಚು ಹಿಡಿದು ಮೇಲೇರಲು ಹೋದ. ಹಿಂದಿನಿಂದ ಎರಡು ಕೈಗಳು ಅವನ ಸೊಂಟ ಹಿಡಿದವು. ಅಭಿಮಾನ ಉಕ್ಕಿದ ನೆಂಟರು ಅಟ್ಟಣೆ ಹತ್ತುವುದೂ, ಕಾರ್ಯಕರ್ತರು ಅವರನ್ನು ಹಿಡಿದು ಇಳಿಸುವುದೂ ನಾಟಕದಲ್ಲಿ ಇದ್ದದ್ದೇ.

"ಲೈಟ್ನೋನೇ ಹಿಂಗಾಡಿದ್ರೆ ಹೆಂಗ್ಲಾ, ಇಳಿ ಕೆಳಕ್ಕೆ" ಎಂದು ಯಾರೋ ಅವನ ಕಿವಿಯಲ್ಲಿ ನಗುತ್ತಾ ಹೇಳಿದರು.

ಮೂರನೇ ಚರಣದ ಮೊದಲ ಸಾಲು ಎತ್ತಿಕೊಂಡು ಗುರುಪ್ರಕಾಶ ಕತ್ತಿ ಹಿರಿದ. ಮುಖ ಜನರ ಕಡೆಗೆ, ಹೆಜ್ಜೆ ಹಿಂದಕ್ಕೆ. ಕಾರ್ಯಕರ್ತನ ಹಿಡಿತದಲ್ಲಿ ಒದ್ದಾಡುತ್ತಿದ್ದ ಸೋಮಶೇಖರನಿಗೆ ಅಣ್ಣನ ಪಾದ ಕಾಣುವಷ್ಟು ಹತ್ತಿರವಿತ್ತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಆಗ ಲೆಕ್ಕ ಮುಗಿಯಿತು, ಕತ್ತಲಾಯಿತು.

ಕತ್ತಲಲ್ಲಿ ಹಾಡು ಇನ್ನೂ ಅರ್ಧ ಸಾಲಿನಷ್ಟು ಬಂತು. ಆಮೇಲೆ ಕಬ್ಬಿಣಕ್ಕೆ ಏನೋ ಬಡಿದ ಸದ್ದು. ತಬಲಾದ ಗದ್ದಲದಲ್ಲಿ ಅದು ಕೇಳಿಸಿದ್ದು ಅಟ್ಟಣೆಗೆ ಮೈಯೊತ್ತಿ ನಿಂತಿದ್ದ ಅವನೊಬ್ಬನಿಗೇ ಇರಬೇಕು. ಮತ್ತೆ ಬೆಳಕು ಬಂದಾಗ, ಅವನೇ ವಾರಗಟ್ಟಲೆ ಕೂತು ತಿದ್ದಿದ ನೀಲಿ ಅಲೆಗಳು ಖಾಲಿ ಅಟ್ಟಣೆಯ ಮೇಲೆ ಚೆಂದವಾಗಿ ಆಡುತ್ತಿದ್ದವು. ಇಷ್ಟು ಸೊಗಸಾದ ಸಾವನ್ನು ಕುಣಿಗಲ್ಲಿನವರು ಹಿಂದೆ ನೋಡಿರಲಿಲ್ಲ. ಹಾಲಿಗೆ ಹಾಲೇ ಎದ್ದು ಚಪ್ಪಾಳೆ ತಟ್ಟಿತು. ಮತ್ತೆ ಒನ್ಸ್ ಮೋರ್ ಎಂದು ಕೂಗಿತು. ಹಾಡು ಪೂರ್ತಿಯಾಗದೆ ನಿಂತದ್ದು ಗೊತ್ತಾದದ್ದು ಮೇಷ್ಟ್ರಿಗೆ ಮಾತ್ರ. ಅವರೂ, ಗುರುಪ್ರಕಾಶ ಸುಸ್ತಾಗಿ ಇಳಿದುಬಿಟ್ಟಿರಬೇಕೆಂದು, ಮುಕ್ತಾಯದ ಸಂಗೀತ ನುಡಿಸತೊಡಗಿದರು.

ಸೋಮಶೇಖರ್ ಕೈ ಬಿಡಿಸಿಕೊಂಡು ಪಕ್ಕದ ಪರದೆ ಎತ್ತಿ ಅಟ್ಟಣೆಯ ಕೆಳಗೆ ನುಗ್ಗಿದ. ಹಲಗೆಯ ಸಂದುಗಳಿಂದ ನೀಲಿ ಬೆಳಕು ಗೆರೆಗೆರೆಯಾಗಿ ಬೀಳುತ್ತಿತ್ತು. ಗುರುಪ್ರಕಾಶ ಅಡ್ಡಪಟ್ಟಿಯೊಂದರ ಬುಡದಲ್ಲಿ ಬಿದ್ದಿದ್ದ. ಕಿರೀಟ ಕಳಚಿ ದೂರ ಹೋಗಿತ್ತು. ಕುತ್ತಿಗೆ ಇರಬಾರದ ಕಡೆಗೆ ಹೊರಳಿತ್ತು. ಹೊನ್ನಯ್ಯ ಅವನ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಕತ್ಲಾಯ್ತು, ಎಳ್ದೆ" ಎಂದ ಹೊನ್ನಯ್ಯ. "ಇನ್ನೊಂದ್ಸಲ ಹಾಡ್ತಾರೆ ಅಂತ ನಂಗ್ಯಾರೂ ಹೇಳ್ಲಿಲ್ಲ ಕಣಪ್ಪ."

ಸೋಮಶೇಖರ್ ಅಣ್ಣನ ಪಕ್ಕ ಮಂಡಿಯೂರಿ, ಕಂಕಣ ಸರಿಸಿ, ಮಣಿಕಟ್ಟಿನ ಮೇಲೆ ಬೆರಳಿಟ್ಟ. ನಾಡಿ ಹುಡುಕಿದ. ಬೆರಳ ಕೆಳಗೆ ಮಿಡಿತ ಸಿಕ್ಕಿತು. ಸ್ಪಷ್ಟವಾಗಿ, ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅವನಿಗೆ ಜೀವ ಬಂದ ಹಾಗಾಯಿತು. ಅಷ್ಟು ಹೊತ್ತು ತಡೆದಿದ್ದ ಅಳು ಒಮ್ಮೆಗೇ ಬಂತು.

"ನಾಡಿ ಅದೆ ಹೊನ್ನಯ್ಯ, ಅಣ್ಣ ಅವ್ನೆ. ಓಡೋಗಿ ಮೇಷ್ಟ್ರುಗೆ ನಿಲ್ಸಕ್ಕೇಳು, ಆಂಬುಲೆನ್ಸ್‌ಗೆ ಫೋನ್ ಮಾಡ್ಸು."

ಹೊನ್ನಯ್ಯ ತೆವಳಿಕೊಂಡು ಹೊರಗೆ ಓಡಿದ. ಸೋಮಶೇಖರ್ ಅಣ್ಣನ ಕೈಯನ್ನು ಬಿಡಲಿಲ್ಲ. ಇಷ್ಟರಲ್ಲೇ ಬರುತ್ತಾರೆ, ತುಮಕೂರಿಗೆ ಹೋಗೋಣ, ಬೆಂಗಳೂರಿಗಾದರೂ ಹೋಗೋಣ ಎಂದು ಅವನ ಕಿವಿಯಲ್ಲಿ ಹೇಳುತ್ತಲೇ ಇದ್ದ. ನಿನ್ನ ಹಾಡಿಗೆ ಎರಡು ಸಲ ಒನ್ಸ್ ಮೋರ್ ಬಿತ್ತು, ಕೇಳಿಸಿತೇ ಎಂದೂ ಹೇಳಿದ. ಅಡ್ಡಪಟ್ಟಿಗೆ ಒರಗಿದ್ದ ಅಣ್ಣನ ತೋಳಿನಲ್ಲಿ ಮಿಡಿತ ತಪ್ಪದೆ ನಡೆಯುತ್ತಿತ್ತು. ತುಂಬ ಗಟ್ಟಿಯಾಗಿತ್ತು, ಪೆಟ್ಟಾದವನ ನಾಡಿಯಂತೆ ಇರಲೇ ಇಲ್ಲ. ಒಳ್ಳೆಯ ಲಕ್ಷಣವೆಂದು ಅವನು ಅಂದುಕೊಂಡ.

ಹೊರಗೆ ಹೊನ್ನಯ್ಯನ ದನಿ ಕೇಳಿಸಿತು. ಹಾರ್ಮೋನಿಯಂ ನಿಂತಿತು, ತಬಲಾ ನಿಂತಿತು, ಷಡಕ್ಷರಿ ಕೀಬೋರ್ಡಿನ ಲಯ ನಿಲ್ಲಿಸಿದ. ಬೇಸ್ ಬಾಕ್ಸುಗಳು ಗುದ್ದುವುದನ್ನು ಬಿಟ್ಟವು, ಕಬ್ಬಿಣ ಅದುರುವುದನ್ನು ಬಿಟ್ಟಿತು. ನೀಲಿ ಅಲೆಗಳು ಇದ್ದಲ್ಲೇ ನಿಂತವು.

ಬೆರಳ ಕೆಳಗಿನ ಮಿಡಿತವೂ ನಿಂತಿತು. ಸೋಮಶೇಖರ್ ಬೆರಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದ.